ಗುಡಿಯ ಛಾವಣಿ ಯಾಕೆ ಬೀಳಲ್ಲ? ಅಮೃತಾಪುರದಲ್ಲಿ ಒಂದು ಪಾಠ

ಬೆಟ್ಟದ ತುದಿಯಲ್ಲಿ ಪಾಳುಬಿದ್ದ ಕಲ್ಲಿನ ಗುಡಿ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ಕಣ್ಮುಂದೆ ಬರೋದು ಮೆಕ್ಸಿಕೋ. ಸಿನಿಮಾ, ವಿಡಿಯೋ ಗೇಮ್, ರೀಲ್ಸ್ ಎಲ್ಲದರಲ್ಲೂ ಅದೇ ಚಿತ್ರ: ಮೆಟ್ಟಿಲು ಮೆಟ್ಟಿಲಾದ ಪಿರಮಿಡ್ಡು, ತುದಿಯಲ್ಲೊಂದು ಗುಡಿ, ಸುತ್ತ ಕಾಡು. ಅಲ್ಲಿಗೆ ಹೋಗೋಕೆ ಪಾಸ್‌ಪೋರ್ಟು, ವೀಸಾ, ಲಕ್ಷಗಟ್ಟಲೆ ದುಡ್ಡು ಬೇಕು. ಆದರೆ ಆ ಕಡೆಯ ಶಿಲ್ಪಿಗಳನ್ನು ಕಾಡಿದ ಒಂದು ಪ್ರಶ್ನೆ ನಮ್ಮ ಶಿಲ್ಪಿಗಳನ್ನೂ ಕಾಡಿತ್ತು: ಬರೀ ಕಲ್ಲಿನಿಂದ ಛಾವಣಿ ಮಾಡೋದು ಹೇಗೆ? ಅದಕ್ಕೆ ಅವರು ಕೊಟ್ಟ ಉತ್ತರ ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಇವತ್ತಿಗೂ ತಲೆಯ ಮೇಲೆ ನಿಂತಿದೆ. ಅದನ್ನು ನೋಡೋಕೆ ಬಸ್ ಚಾರ್ಜ್ ಇದ್ದರೆ ಸಾಕು.

ಈ ಲೇಖನದಲ್ಲಿ ಆ ಛಾವಣಿಯನ್ನು ನಮ್ಮ ಎರಡನೇ ವರ್ಷದ ಸಿಲೆಬಸ್‌ನಲ್ಲಿರೋ ಲೆಕ್ಕದಿಂದಲೇ ಅರ್ಥ ಮಾಡಿಕೊಳ್ಳೋಣ. ಸಿವಿಲ್‌ನವರಿಗೆ ಮಾತ್ರ ಅಂತ ಬಿಟ್ಟುಬಿಡಬೇಡಿ. ಮೊದಲ ವರ್ಷದ ಮೆಕ್ಯಾನಿಕ್ಸ್ ಎಲ್ಲರೂ ಓದಿದ್ದೇವೆ, ಇಲ್ಲಿಗೆ ಅಷ್ಟೇ ಸಾಕು.

ಮುಳ್ಳಯ್ಯನಗಿರಿಯ ಎತ್ತರದಲ್ಲಿ ಒಂದು ಊರು

ಮೊದಲು ಮೆಕ್ಸಿಕೋಗೆ ಒಂದು ಸುತ್ತು ಹೋಗಿ ಬರೋಣ. ಓಹಾಕಾ ಪ್ರಾಂತ್ಯದಲ್ಲಿ ಮಾಂಟೆ ಆಲ್ಬಾನ್ ಅಂತ ಒಂದು ಜಾಗ ಇದೆ. ಜಪೋಟೆಕ್ ಜನ ಸುಮಾರು ಕ್ರಿ.ಪೂ. 500ರ ಹೊತ್ತಿಗೆ ಅಲ್ಲಿ ಬೆಟ್ಟದ ನೆತ್ತಿಯನ್ನೇ ತಟ್ಟಿ ಸಮ ಮಾಡಿ ಊರು ಕಟ್ಟಿದರು. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 1,940 ಮೀಟರ್. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ತುದಿಯನ್ನು ಸಪಾಟು ಮಾಡಿ ಅಲ್ಲಿ ದೊಡ್ಡ ಅಂಗಳ, ಗುಡಿಗಳು, ಮನೆಗಳು ಕಟ್ಟಿದ ಹಾಗೆ. ಇದನ್ನೆಲ್ಲ ಕಬ್ಬಿಣದ ಉಳಿ ಇಲ್ಲದೆ, ಭಾರ ಎಳೆಯೋಕೆ ಎತ್ತು ಕುದುರೆ ಇಲ್ಲದೆ ಮಾಡಿದರು. ಅಮೃತ ಮಹಲ್ ತಳಿಯ ಹೆಸರು ಕೇಳಿಕೊಂಡೇ ಬೆಳೆದ ಅಜ್ಜಂಪುರದ ಕಡೆಯವರಿಗೆ ಎತ್ತಿಲ್ಲದ ನಾಡನ್ನು ಊಹಿಸೋದೇ ಕಷ್ಟ.

ಅದೇ ಮೆಕ್ಸಿಕೋದ ಇನ್ನೊಂದು ಮೂಲೆಯಲ್ಲಿ, ಪಾಲೆಂಕೆ ಅನ್ನೋ ಊರಲ್ಲಿ, ಮಾಯಾ ಜನ ಕಲ್ಲಿನ ಛಾವಣಿ ಕಟ್ಟಿದರು. ಎರಡು ಗೋಡೆ ಎಬ್ಬಿಸಿ, ಮೇಲೆ ಹೋಗ್ತಾ ಹೋಗ್ತಾ ಪ್ರತಿ ವರಸೆಯ ಕಲ್ಲನ್ನೂ ಒಂದಿಷ್ಟು ಒಳಕ್ಕೆ ಚಾಚಿದರು. ಎರಡೂ ಕಡೆಯ ಕಲ್ಲುಗಳು ಹತ್ತಿರ ಬಂದಾಗ ಮೇಲೊಂದು ಚಪ್ಪಡಿ ಮುಚ್ಚಿದರು. ಚಾಚಿದ ಕಲ್ಲುಗಳ ಬೆನ್ನಿಗೆ ಸುಣ್ಣ, ಜಲ್ಲಿ ತುಂಬಿ ಭಾರ ಹೇರಿದರು. ಇದಕ್ಕೆ ನಮ್ಮ ಪುಸ್ತಕಗಳಲ್ಲಿ ಕಾರ್ಬೆಲ್ ಅಂತಾರೆ. ನಾವು ಇಲ್ಲಿ ಚಾಚುಗಲ್ಲು ಅನ್ನೋಣ.

ಮಾಯಾ ಭಾಷೆಯಲ್ಲಿ ವಿಟ್ಸ್ ಅಂದರೆ ಬೆಟ್ಟ. ತಮ್ಮ ಪಿರಮಿಡ್ಡುಗಳನ್ನೂ ಅವರು ಬೆಟ್ಟ ಅಂತಲೇ ಭಾವಿಸುತ್ತಿದ್ದರು. ನಾವು ಗುಡಿಯ ಗೋಪುರಕ್ಕೆ ಶಿಖರ ಅಂತೀವಿ, ಅದೂ ಬೆಟ್ಟದ ತುದಿಯೇ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಂಡವರಲ್ಲ, ಕೇಳಿದವರಲ್ಲ. ಆದರೂ ಗುಡಿ ಅಂದರೆ ಬೆಟ್ಟ ಅನ್ನೋ ಕಲ್ಪನೆ ಇಬ್ಬರಿಗೂ ಬಂತು, ಕಲ್ಲನ್ನು ಒಳಕ್ಕೆ ಚಾಚಿ ಛಾವಣಿ ಮಾಡೋ ಉಪಾಯವೂ ಇಬ್ಬರಿಗೂ ಹೊಳೆಯಿತು. ಎರಡನೆಯದಕ್ಕೆ ಕಾರಣ ಸರಳ: ಕಲ್ಲಿನ ಗುಣ ಎಲ್ಲ ಕಡೆ ಒಂದೇ.

ಅಮೃತಾಪುರಕ್ಕೆ ದಾರಿ

ಬೆಂಗಳೂರು ಕಡೆಯಿಂದ ರೈಲಲ್ಲಿ ಬಂದರೆ ಕಡೂರು ಆದ ಮೇಲೆ ಬೀರೂರು. ಬೀರೂರಲ್ಲಿ ಹಳಿ ಎರಡಾಗುತ್ತೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ ಮೇಲೆ ದಾವಣಗೆರೆ, ಹುಬ್ಬಳ್ಳಿ ಕಡೆಗೆ. ಈ ಎರಡು ಹಳಿಗಳ ನಡುವಿನ ಸೀಮೆಯಲ್ಲಿ, ತರೀಕೆರೆಯಿಂದ ಸುಮಾರು 10 ಕಿ.ಮೀ. ಆಸುಪಾಸಿನಲ್ಲಿ ಅಮೃತಾಪುರ ಇದೆ. ದಕ್ಷಿಣಕ್ಕೆ ಬಾಬಾಬುಡನ್ ಗಿರಿಸಾಲು. ಅಲ್ಲಿನ ಕೆಮ್ಮಣ್ಣುಗುಂಡಿಯ ಅದಿರೇ ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗಿದ್ದು. ನಮ್ಮ ಗುಡಿ ಮಾತ್ರ ಬೆಟ್ಟದ ಮೇಲಿಲ್ಲ, ಬಯಲಲ್ಲಿದೆ. ಬೆಟ್ಟವನ್ನು ಶಿಖರದ ರೂಪದಲ್ಲಿ ತಾನೇ ಹೊತ್ತುಕೊಂಡಿದೆ.

ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅವನ ದಂಡನಾಯಕ ಅಮೃತೇಶ್ವರ ಇದನ್ನು ಕಟ್ಟಿಸಿದ. ದೇವರಿಗೂ ಊರಿಗೂ ಅವನದೇ ಹೆಸರು. (ಅಜ್ಜಂಪುರದ ಅಮೃತ ಮಹಲ್‌ಗೂ ಈ ಅಮೃತನಿಗೂ ಸಂಬಂಧ ಇಲ್ಲ.) ಒಂದೇ ಗರ್ಭಗುಡಿ ಇರೋದರಿಂದ ಇದು ಏಕಕೂಟ. ಕಡೂರು ತಾಲ್ಲೂಕಿನ ಹಿರೇನಲ್ಲೂರಿನ ಮಲ್ಲಿಕಾರ್ಜುನ ಗುಡಿ ಇದೇ ಶೈಲಿಯ ತ್ರಿಕೂಟ, ಅಲ್ಲಿ ಮೂರು ಗರ್ಭಗುಡಿ. ಎರಡನ್ನೂ ಒಂದೇ ದಿನದಲ್ಲಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ.

ಗುಡಿಯೊಳಗೆ ಗರ್ಭಗುಡಿ, ಅದರ ಮುಂದೆ ಮುಚ್ಚಿದ ಮಂಟಪ, ಅದರ ಮುಂದೆ ತೆರೆದ ದೊಡ್ಡ ಮಂಟಪ. ಮುಚ್ಚಿದ ಮಂಟಪದಲ್ಲಿ 9 ಅಂಕಣ, ತೆರೆದ ಮಂಟಪದಲ್ಲಿ 29 ಅಂಕಣ. ಅಂಕಣ ಅಂದರೆ ನಾಲ್ಕು ಕಂಬಗಳ ನಡುವಿನ ಜಾಗ, ನಮ್ಮ ಡ್ರಾಯಿಂಗ್ ಕ್ಲಾಸಿನ ಬೇ. ಈ ಪದ ನಮಗೆ ಹೊಸದೇನಲ್ಲ. ಊರಲ್ಲಿ ಅಜ್ಜಿ ತಾತ ಇದ್ದರೆ ಕೇಳಿ ನೋಡಿ, ಹಳೆಯ ಮನೆಯನ್ನು ಅವರು ಚದರಡಿಯಲ್ಲಿ ಹೇಳಲ್ಲ, "ಮೂರಂಕಣದ ಮನೆ" "ಐದಂಕಣದ ಮನೆ" ಅಂತಾರೆ. ತೊಲೆ ಎಷ್ಟು ಉದ್ದ ಸಿಗುತ್ತೋ ಅಂಕಣ ಅಷ್ಟು ಅಗಲ. ಮರದ ಮನೆಗೂ ಕಲ್ಲಿನ ಗುಡಿಗೂ ಅಳತೆಯ ಯೂನಿಟ್ ಒಂದೇ ಆಗಿದ್ದು ಈ ಕಾರಣಕ್ಕೆ.

ಹಾಗಾದರೆ ಕಲ್ಲಿನ ತೊಲೆ ಎಷ್ಟು ಉದ್ದ ಇರಬಹುದು?

ಕಲ್ಲಿನ ಬೀಮ್: ಒಂದು ಸಣ್ಣ ಲೆಕ್ಕ

ಕಲ್ಲನ್ನು ಅದುಮಿದರೆ ತಡೆಯುತ್ತೆ, ಎಳೆದರೆ ತಡೆಯಲ್ಲ. ಎಳೆತ ತಡೆಯೋ ಶಕ್ತಿ ಸಾಮಾನ್ಯವಾಗಿ ಒತ್ತಡ ತಡೆಯೋ ಶಕ್ತಿಯ ಹತ್ತನೇ ಒಂದು ಪಾಲಿನ ಆಸುಪಾಸು. ಎರಡು ಕಂಬದ ಮೇಲೆ ಒಂದು ತೊಲೆ ಇಟ್ಟರೆ ಅದು ಕೆಳಕ್ಕೆ ಬಾಗೋಕೆ ನೋಡುತ್ತೆ. ಬಾಗಿದಾಗ ಮೇಲ್ಮೈ ಅದುಮಿಕೊಳ್ಳುತ್ತೆ, ತಳ ಹಿಗ್ಗುತ್ತೆ. ಕಲ್ಲು ಸೀಳೋದು ಯಾವಾಗಲೂ ಆ ತಳದಿಂದ. ಇವತ್ತು ನಾವು ಆರ್‌ಸಿಸಿ ಬೀಮ್‌ನ ತಳದಲ್ಲಿ ಸ್ಟೀಲ್ ಹಾಕೋದು ಇದಕ್ಕೇ. ಅವರ ಹತ್ತಿರ ಆ ಸೌಲಭ್ಯ ಇರಲಿಲ್ಲ.

ಬೆಂಡಿಂಗ್ ಮೊಮೆಂಟ್ ಸೂತ್ರ ನೆನಪಿಸಿಕೊಳ್ಳಿ. ಆಯತಾಕಾರದ ತೊಲೆ ತನ್ನ ಸ್ವಂತ ಭಾರವನ್ನಷ್ಟೇ ಹೊತ್ತಿದ್ದರೆ, ತಳದಲ್ಲಿ ಬರೋ ಗರಿಷ್ಠ ಎಳೆತ ಹೀಗೆ:

ಎಳೆತದ ಸ್ಟ್ರೆಸ್ = 0.75 × ಸಾಂದ್ರತೆ × ಗುರುತ್ವ × (ಉದ್ದದ ವರ್ಗ ÷ ದಪ್ಪ)

ತೊಲೆಯ ಅಗಲ ಈ ಸೂತ್ರದಲ್ಲಿ ಇಲ್ಲವೇ ಇಲ್ಲ, ಅದು ಕ್ಯಾನ್ಸಲ್ ಆಗುತ್ತೆ. ಲೆಕ್ಕಕ್ಕೆ ಅಂತ ಕೆಲವು ಅಳತೆ ಹಿಡಿಯೋಣ (ಇವು ಗುಡಿಯ ಅಳತೆಗಳಲ್ಲ, ನಮ್ಮ ಅಭ್ಯಾಸಕ್ಕೆ ಇಟ್ಟುಕೊಂಡವು). ಸಾಂದ್ರತೆ ಒಂದು ಘನ ಮೀಟರ್‌ಗೆ 2,800 ಕೆ.ಜಿ., ದಪ್ಪ 30 ಸೆಂ.ಮೀ., ಉದ್ದ 2.5 ಮೀಟರ್. ಉತ್ತರ ಸುಮಾರು 0.43 ಮೆಗಾಪ್ಯಾಸ್ಕಲ್. ಈಗ ಉದ್ದವನ್ನು 5 ಮೀಟರ್ ಮಾಡಿ. ಉತ್ತರ ಸುಮಾರು 1.7. ಉದ್ದ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಇದು ಸ್ವಂತ ಭಾರ ಮಾತ್ರ. ಮೇಲೆ ಛಾವಣಿ, ಶಿಖರ ಏರಿದರೆ ಈ ಸಂಖ್ಯೆ ಹಲವು ಪಟ್ಟು ಹೋಗುತ್ತೆ. ಜೊತೆಗೆ ಕಲ್ಲಿನೊಳಗೆ ಕಣ್ಣಿಗೆ ಕಾಣದ ಒಂದು ಬಿರುಕು ಇದ್ದರೆ ಮುಗೀತು.

ಹೊಯ್ಸಳರ ಮಂಟಪದಲ್ಲಿ ಇಷ್ಟೊಂದು ಕಂಬ ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಈ ಸೂತ್ರದಲ್ಲೇ ಇದೆ. ಅಂಕಣ ಚಿಕ್ಕದಿರಲೇಬೇಕು. ಕಂಬದ ನೆತ್ತಿಯ ಮೇಲೆ ಅಗಲವಾಗಿ ಚಾಚಿಕೊಂಡ ಒಂದು ಕಲ್ಲು ಇರುತ್ತಲ್ಲ, ಅದಕ್ಕೆ ಬೋದಿಗೆ ಅಂತಾರೆ. ಅದು ಬರೀ ಅಲಂಕಾರ ಅಲ್ಲ. ಎರಡೂ ಕಡೆಯಿಂದ ತೊಲೆಗೆ ಆಸರೆ ಮುಂದಕ್ಕೆ ತಂದು, ಲೆಕ್ಕಕ್ಕೆ ಬರೋ ಉದ್ದವನ್ನು ಕಮ್ಮಿ ಮಾಡುತ್ತೆ. ಉದ್ದದ ವರ್ಗ ಅಂದಮೇಲೆ ಒಂದು ಗೇಣು ಕಮ್ಮಿಯಾದರೂ ಲಾಭವೇ.

ಕಂಬಗಳ ಬಗ್ಗೆ ಇನ್ನೊಂದು ಮಾತು. ಅವು ಹೊಳೆಯೋದನ್ನು ನೋಡಿ ಗ್ರಾನೈಟ್ ಅಂದುಕೊಳ್ಳೋರು ಇದ್ದಾರೆ. ಅದು ಬಳಪದ ಕಲ್ಲಿನ ಜಾತಿ, ಭೂವಿಜ್ಞಾನದ ಭಾಷೆಯಲ್ಲಿ ಕ್ಲೋರೈಟ್ ಶಿಸ್ಟ್. ಗ್ರಾನೈಟ್‌ಗಿಂತ ಎಷ್ಟೋ ಮೆತ್ತಗೆ. ಅದಕ್ಕೇ ಕಂಬವನ್ನು ತಿರುಗಣೆಗೆ ಹಾಕಿ, ತಿರುಗಿಸಿ ಕಡೆದು ನಯ ಮಾಡೋಕೆ ಸಾಧ್ಯವಾಯಿತು. ನಮ್ಮ ವರ್ಕ್‌ಶಾಪಿನ ಲೇತ್ ಕೆಲಸದ ತತ್ವವೇ ಅದು. ಕಂಬದ ಮೇಲಿನ ಸಮಾನ ಉಂಗುರಗಳನ್ನು ಬೆರಳಲ್ಲಿ ಮುಟ್ಟದೆ, ಹತ್ತಿರದಿಂದ ನೋಡಿ. ಮೆಕ್ಯಾನಿಕಲ್‌ನವರಿಗೆ ಬೇರೆ ವಿವರಣೆ ಬೇಕಾಗಲ್ಲ.

ಮೂಲೆ ಮುಚ್ಚಿ ಮೇಲೇರೋದು

ಈಗ ಅಂಕಣದ ನಾಲ್ಕೂ ಕಡೆ ತೊಲೆ ಬಂತು. ನಡುವಿನ ಚೌಕವನ್ನು ಮುಚ್ಚೋದು ಹೇಗೆ? 2.5 ಮೀಟರ್ ಚೌಕಕ್ಕೆ 30 ಸೆಂ.ಮೀ. ದಪ್ಪದ ಒಂದೇ ಚಪ್ಪಡಿ ಹಾಕೋಣ ಅಂದರೆ ಅದರ ತೂಕ ಸುಮಾರು 5,250 ಕೆ.ಜಿ. ಎತ್ತೋದೂ ಕಷ್ಟ, ಎತ್ತಿಟ್ಟ ಮೇಲೆ ಅದು ಸೀಳದೆ ನಿಲ್ಲೋದೂ ಕಷ್ಟ.

ಶಿಲ್ಪಿಗಳ ಉಪಾಯ ಹೀಗಿತ್ತು. ಚೌಕದ ನಾಲ್ಕು ಮೂಲೆಗೆ ನಾಲ್ಕು ತ್ರಿಕೋನದ ಕಲ್ಲು ಇಡಿ. ಪ್ರತಿ ತ್ರಿಕೋನದ ಎರಡು ಬದಿ ತೊಲೆಗಳ ಮೇಲೆ ಕೂರುತ್ತೆ, ಮೂರನೇ ಬದಿ ಒಳಕ್ಕೆ. ಈಗ ನಡುವೆ ಉಳಿಯೋದು 45 ಡಿಗ್ರಿ ತಿರುಗಿದ ಇನ್ನೊಂದು ಚೌಕ. ತ್ರಿಕೋನಗಳು ತೊಲೆಯ ಮಧ್ಯದವರೆಗೂ ಬಂದರೆ ಹೊಸ ಚೌಕದ ಬದಿ 2.5 ಅಲ್ಲ, ಅದನ್ನು 2ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ ಸುಮಾರು 1.77 ಮೀಟರ್. ಅದರ ಮೇಲೆ ಇನ್ನೊಂದು ಸುತ್ತು ಇಟ್ಟರೆ 1.25 ಮೀಟರ್. ಎರಡೇ ಸುತ್ತಿಗೆ ಅಂತರ ಅರ್ಧ ಆಯಿತು, ಮುಚ್ಚಬೇಕಾದ ಜಾಗ ನಾಲ್ಕನೇ ಒಂದು ಭಾಗ ಆಯಿತು. ಕೊನೆಯ ಚಪ್ಪಡಿ ಈಗ ಸುಮಾರು 1,300 ಕೆ.ಜಿ. ಮೊದಲ ಸುತ್ತಿನ ಒಂದೊಂದು ತ್ರಿಕೋನ ಸುಮಾರು 650 ಕೆ.ಜಿ. ಕ್ರೇನ್ ಇಲ್ಲದ ಕಾಲದಲ್ಲಿ ಈ ವ್ಯತ್ಯಾಸವೇ ಎಲ್ಲ.

ಇದು ಸರಳ ರೂಪ. ಹೊಯ್ಸಳರ ದೊಡ್ಡ ಛಾವಣಿಗಳಲ್ಲಿ ಚೌಕ ಎಂಟು ಮೂಲೆಯಾಗುತ್ತೆ, ಎಂಟು ಮೂಲೆ ವೃತ್ತ ಆಗುತ್ತೆ, ವೃತ್ತದ ಮೇಲೆ ಒಂದಕ್ಕಿಂತ ಒಂದು ಚಿಕ್ಕದಾದ ಕಲ್ಲಿನ ಉಂಗುರಗಳು ಏರುತ್ತಾ ಹೋಗುತ್ತವೆ. ನೆತ್ತಿಯಲ್ಲಿ ತಲೆಕೆಳಗಾಗಿ ತೂಗೋ ಕಲ್ಲಿನ ಹೂವು. ಇಂಥ ಛಾವಣಿಗೆ ನಮ್ಮಲ್ಲಿ ಭುವನೇಶ್ವರಿ ಅಂತ ಚಂದದ ಹೆಸರಿದೆ. ಅಮೃತಾಪುರದ ಮಂಟಪದಲ್ಲಿ ಅಂಕಣ ಅಂಕಣಕ್ಕೂ ಕತ್ತೆತ್ತಿ ನೋಡೋ ಹಾಗೆ ಇಂಥ ಆಳವಾದ ಛಾವಣಿಗಳಿವೆ.

ಈ ಛಾವಣಿಗಳಿಗೆ ಒಂದು ಹೆಸರೂ ಅಂಟಿಕೊಂಡಿದೆ. ರೂವಾರಿ ಮಲ್ಲಿತಮ್ಮ. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತುತ್ತಿದ್ದರು. ಮುಂದೆ ಸೋಮನಾಥಪುರದಂಥ ಕಡೆ ಕೆಲಸ ಮಾಡಿ ಹೆಸರಾದ ಈ ಮಲ್ಲಿತಮ್ಮ ವೃತ್ತಿ ಶುರು ಮಾಡಿದ್ದು ಇಲ್ಲಿ, ಈ ಮಂಟಪದ ಛಾವಣಿಗಳ ಮೇಲೆ ಅಂತ ಕಲಾ ಇತಿಹಾಸಕಾರರು ಹೇಳ್ತಾರೆ. ಅಂದರೆ ನಾವು ನೋಡ್ತಿರೋದು ಒಬ್ಬ ದೊಡ್ಡ ಕಲಾವಿದನ ಮೊದಮೊದಲ ಕೆಲಸ. ನಮ್ಮ ಮೊದಲ ಪ್ರಾಜೆಕ್ಟುಗಳ ಪಕ್ಕ ಇಟ್ಟು ನೋಡೋದು ಬೇಡ ಬಿಡಿ.

ಹಿಂದಿನ ಭಾರ

ಇಲ್ಲಿಗೆ ಪಾಠದ ಮುಖ್ಯ ಭಾಗ ಬಂತು. ಚಾಚುಗಲ್ಲು ಮುಂದಕ್ಕೆ ಬೀಳಲ್ಲ ಯಾಕೆ?

ಹಾಸ್ಟೆಲ್ ರೂಮಲ್ಲೇ ಒಂದು ಪ್ರಯೋಗ ಮಾಡಿ. ಒಂದೇ ಅಳತೆಯ 4 ಪುಸ್ತಕ ತಗೊಳ್ಳಿ. ಮೇಜಿನ ಅಂಚಲ್ಲಿ ಒಂದರ ಮೇಲೊಂದು ಇಟ್ಟು ಹೊರಕ್ಕೆ ಚಾಚಿ. ಎಲ್ಲಕ್ಕಿಂತ ಮೇಲಿನದು ತನ್ನ ಕೆಳಗಿನದಕ್ಕಿಂತ ಅರ್ಧ ಉದ್ದ ಮುಂದೆ, ಎರಡನೆಯದು ಕಾಲು, ಮೂರನೆಯದು ಆರನೇ ಒಂದು, ನಾಲ್ಕನೆಯದು ಮೇಜಿನ ಅಂಚಿಂದ ಎಂಟನೇ ಒಂದು. ಕೂಡಿ ನೋಡಿ: 25/24. ಒಂದಕ್ಕಿಂತ ಜಾಸ್ತಿ! ಅಂದರೆ ಮೇಲಿನ ಪುಸ್ತಕ ಪೂರ್ತಿ ಗಾಳಿಯಲ್ಲಿದೆ, ಅದರ ಕೆಳಗೆ ಮೇಜೇ ಇಲ್ಲ, ಆದರೂ ಬಿದ್ದಿಲ್ಲ. (ಇದು ತೂಕ ಸರಿಸಮ ನಿಲ್ಲೋ ಕಡೇ ಅಂಚು. ಕೈ ನಡುಗೋರು ಒಂದು ಚೂರು ಕಮ್ಮಿ ಚಾಚಿ.)

ಈಗ ಒಂದೇ ಕಲ್ಲು ತಗೊಳ್ಳೋಣ. 1 ಮೀಟರ್ ಉದ್ದ, 100 ಕೆ.ಜಿ. ತೂಕ. 40 ಸೆಂ.ಮೀ. ಗೋಡೆಯ ಮೇಲಿದೆ, 60 ಸೆಂ.ಮೀ. ಹೊರಗೆ ಚಾಚಿದೆ. ಅದರ ತೂಕದ ಕೇಂದ್ರ ಗೋಡೆಯ ಅಂಚಿಂದ 10 ಸೆಂ.ಮೀ. ಹೊರಗೆ. ಬಿಟ್ಟರೆ ಬೀಳುತ್ತೆ. ಬೀಳಿಸೋ ಮೊಮೆಂಟ್: 100 × 0.1 = 10. ಈಗ ಅದರ ಬಾಲದ ಮೇಲೆ, ಅಂಚಿಂದ 20 ಸೆಂ.ಮೀ. ಹಿಂದೆ, 50 ಕೆ.ಜಿ. ಇಡಿ: 50 × 0.2 = 10. ಸರಿಸಮ. 50ಕ್ಕಿಂತ ಜಾಸ್ತಿ ಇಟ್ಟರೆ ಕಲ್ಲು ಗಟ್ಟಿಯಾಗಿ ಕೂರುತ್ತೆ.

ನೋಡೋರ ಕಣ್ಣಿಗೆ ಬೀಳೋದು ಚಾಚಿದ ತುದಿ, ಅದರ ಮೇಲಿನ ಕೆತ್ತನೆ. ಅದನ್ನು ಹಿಡಿದು ನಿಲ್ಲಿಸಿರೋದು ಯಾರಿಗೂ ಕಾಣದ ಬಾಲದ ಮೇಲಿನ ಭಾರ. ಮಾಯಾ ಜನ ಆ ಭಾರಕ್ಕೆ ಸುಣ್ಣ ಜಲ್ಲಿ ಹಾಕಿದರು. ನಮ್ಮವರು ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ, ಮೇಲೆ ಮೇಲೆ ಕಲ್ಲನ್ನೇ ಹೇರಿದರು. ಉಂಗುರದ ಛಾವಣಿಯಲ್ಲಿ ಇನ್ನೊಂದು ಅನುಕೂಲ ಇದೆ: ಒಂದು ಕಲ್ಲು ಒಳಕ್ಕೆ ವಾಲಬೇಕಂದರೆ ಪಕ್ಕದ ಕಲ್ಲು ದಾರಿ ಬಿಡಬೇಕು. ಸುತ್ತಲಿನ ಎಲ್ಲ ಕಲ್ಲೂ ಒಟ್ಟಿಗೆ ವಾಲೋಕೆ ನೋಡಿದಾಗ ಅವು ಒಂದನ್ನೊಂದು ಅದುಮಿ ತಾವೇ ತಡೆಯುತ್ತವೆ. ಮಾಯಾ ಛಾವಣಿ ಉದ್ದನೆಯ, ಇಕ್ಕಟ್ಟಾದ ಕೋಣೆಗೆ ಸೀಮಿತವಾಯಿತು. ಹೊಯ್ಸಳರ ಛಾವಣಿ ಪ್ರತಿ ಅಂಕಣದ ಮೇಲೂ ಒಂದೊಂದು ಗುಮ್ಮಟ ಆಯಿತು.

ಗುಮ್ಮಟ ಅಂದೆವು, ಆದರೆ ವಿಜಯಪುರದ ಗೋಳಗುಮ್ಮಟದ ಜೊತೆ ಇದನ್ನು ಸೇರಿಸಬಾರದು. ಅದು ಗಾರೆಯಲ್ಲಿ ಕಟ್ಟಿದ ನಿಜವಾದ ಗುಮ್ಮಟ, ಭಾರ ಕಮಾನಿನ ಹಾಗೆ ಇಳಿಜಾರಾಗಿ ಇಳಿದು ಗೋಡೆಯನ್ನು ಹೊರಕ್ಕೆ ತಳ್ಳುತ್ತೆ. ಇಲ್ಲಿ ಪ್ರತಿ ಕಲ್ಲೂ ಮಟ್ಟವಾಗಿ ಮಲಗಿದೆ. ಒಂದೊಂದೂ ಒಂದು ಕ್ಯಾಂಟಿಲಿವರ್.

ಗೋಡೆಯ ಕಥೆ ಯಾವ ಕಡೆಗೆ ನಡೆಯುತ್ತೆ?

ತೆರೆದ ಮಂಟಪದ ಸುತ್ತ ಮೋಟುಗೋಡೆ ಇದೆ. ಅದರ ಹೊರಮೈಯಲ್ಲಿ ಒಟ್ಟು 140 ಫಲಕ. ದಕ್ಷಿಣದ 70ರಲ್ಲಿ ರಾಮಾಯಣ. ಉತ್ತರದ 70ರಲ್ಲಿ ಮೊದಲ 25 ಕೃಷ್ಣನ ಕಥೆ, ಉಳಿದ 45 ಮಹಾಭಾರತ. ಬೇರೆ ಹೊಯ್ಸಳ ಗುಡಿಗಳ ಸಣ್ಣ ಪಟ್ಟಿಕೆಗಳಿಗೆ ಹೋಲಿಸಿದರೆ ಈ ಫಲಕಗಳು ದೊಡ್ಡವು, ಆರಾಮಾಗಿ ಕಥೆ ಗುರುತಿಸಬಹುದು.

ಇದರಲ್ಲಿ ಒಂದು ವಿಶೇಷ ಇದೆ. ಗುಡಿಯ ಕಥೆಗಳು ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಲ್ಲಿ ನಡೆಯಬೇಕು. ಇಲ್ಲಿ ಉತ್ತರದ ಕಥೆ ಹಾಗೇ ನಡೆಯುತ್ತೆ, ಆದರೆ ದಕ್ಷಿಣದ ರಾಮಾಯಣ ಅಪ್ರದಕ್ಷಿಣೆಯಲ್ಲಿ ಸಾಗುತ್ತೆ. ಒಂದು ಹಾಳೆಯ ಮೇಲೆ ಚೌಕ ಬರೆದು ಬಾಣ ಹಾಕಿ ನೋಡಿ. ಉತ್ತರದ ಬದಿಯಲ್ಲಿ ಪ್ರದಕ್ಷಿಣೆ ಅಂದರೆ ಪಶ್ಚಿಮದಿಂದ ಪೂರ್ವಕ್ಕೆ. ದಕ್ಷಿಣದ ಬದಿಯಲ್ಲಿ ಅಪ್ರದಕ್ಷಿಣೆ ಅಂದರೂ ಪಶ್ಚಿಮದಿಂದ ಪೂರ್ವಕ್ಕೆ! ಅಂದರೆ ಸುತ್ತುವ ಲೆಕ್ಕದಲ್ಲಿ ಎರಡೂ ಕಥೆ ಎದುರುಬದುರು, ದಿಕ್ಕಿನ ಲೆಕ್ಕದಲ್ಲಿ ಎರಡೂ ಜೊತೆಜೊತೆಗೆ ಮೂಡಣಕ್ಕೆ ನಡೆಯುತ್ತವೆ. ಅಲ್ಲಿಗೆ ಹೋದಾಗ ಇದನ್ನು ಕಾಲಲ್ಲೇ ಅಳೆದು ನೋಡಿ.

ಗುಡಿಯ ಹೊರಗಿನ ಹಳೆಯ ಪ್ರಾಕಾರದ ಗೋಡೆಯನ್ನೂ ಬಿಡಬೇಡಿ. ಸಮ ಅಂತರದಲ್ಲಿ ದುಂಡನೆಯ ಕೆತ್ತನೆಗಳ ಸಾಲು ಇದೆ. ಇದು ಇಲ್ಲಿನ ವಿಶೇಷ. ಶಿಖರದ ಮುಂದಿನ ಶುಕನಾಸಿಯ ಮೇಲೆ ಸಿಂಹದ ಜೊತೆ ಹೋರಾಡೋ ಸಳ ಇನ್ನೂ ಇದ್ದಾನೆ.

ಕವಿಯ ಕಲ್ಲು

ಮಂಟಪದ ಬಳಿ ಒಂದು ದೊಡ್ಡ ಶಾಸನದ ಕಲ್ಲಿದೆ. ಬಹಳ ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗ್ತಾರೆ. ಅದರಲ್ಲಿರೋ ಪದ್ಯಗಳನ್ನು ಬರೆದವನು ಜನ್ನ. ವೀರಬಲ್ಲಾಳನಿಂದ ಕವಿಚಕ್ರವರ್ತಿ ಅನ್ನಿಸಿಕೊಂಡ ಜನ್ನ, 1209ರಲ್ಲಿ 'ಯಶೋಧರ ಚರಿತೆ' ಬರೆದ ಅದೇ ಜನ್ನ. ಅವನು ಜೈನ, ಗುಡಿ ಶಿವನದು. ಆ ಕಾಲದಲ್ಲಿ ಅದೊಂದು ತೊಡಕು ಅಂತ ಯಾರಿಗೂ ಅನ್ನಿಸಿದ ಹಾಗಿಲ್ಲ.

ಈಗ ಮಾಂಟೆ ಆಲ್ಬಾನ್ ನೆನಪಿಸಿಕೊಳ್ಳಿ. ಅಲ್ಲಿನ ಕಲ್ಲುಗಳ ಮೇಲೂ ಬರಹ ಇದೆ. ಆ ಜಪೋಟೆಕ್ ಲಿಪಿಯನ್ನು ಇವತ್ತಿಗೂ ಪೂರ್ತಿ ಓದೋಕೆ ಆಗಿಲ್ಲ. ಮಾಯಾ ಜನರ ಪುಸ್ತಕಗಳನ್ನು 1562ರಲ್ಲಿ ಮನಿ ಅನ್ನೋ ಊರಲ್ಲಿ ಡಿಯೇಗೋ ದೆ ಲಾಂಡಾ ಅನ್ನೋ ಪಾದ್ರಿ ರಾಶಿ ಹಾಕಿ ಸುಡಿಸಿದ. ಓದಬಲ್ಲವರು ಇಲ್ಲವಾದರು. 1952ರಲ್ಲಿ ಯೂರಿ ಕ್ನೋರೊಜೋವ್ ದಾರಿ ತೋರಿಸಿದ ಮೇಲೆ, ಹಲವಾರು ವಿದ್ವಾಂಸರು ದಶಕಗಟ್ಟಲೆ ಕೂತು ಆ ಲಿಪಿಯನ್ನು ಅಕ್ಷರ ಅಕ್ಷರವಾಗಿ ಮತ್ತೆ ಗೆದ್ದರು.

ನಮ್ಮ ಲಿಪಿಗೆ ಅಂಥದ್ದೇನೂ ಆಗಿಲ್ಲ. ಜನ್ನನ ಕಾಲದಿಂದ ಇಲ್ಲಿಯವರೆಗೆ ಒಂದು ತಲೆಮಾರೂ ಬಿಡದೆ ಯಾರೋ ಒಬ್ಬರು ಓದುತ್ತಾ ಬಂದಿದ್ದಾರೆ. ಬಿ.ಎಲ್. ರೈಸ್ ಈ ಸೀಮೆಯ ಶಾಸನಗಳನ್ನು ಊರೂರಿಂದ ನಕಲು ಮಾಡಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 6ನೇ ಸಂಪುಟವಾಗಿ 1901ರಲ್ಲಿ ಅಚ್ಚು ಹಾಕಿಸಿದರು. ಆಗ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ತರೀಕೆರೆ, ಅಜ್ಜಂಪುರ, ಆಸಂದಿ ಕಡೆಯ ಎಷ್ಟೋ ಊರುಗಳ ಹೆಸರು ಆ ಸಂಪುಟದಲ್ಲಿ ಸಿಗುತ್ತೆ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಮ್ಮು, ಕನ್ನಡ ಒಂದು ಸಬ್ಜೆಕ್ಟ್ ಆಗಿ ಮಾತ್ರ ಓದಿದವರು. ಜನ್ನನ ಅಕ್ಷರ ನೋಡಿದರೆ ಮೊದಲು ಬೇರೆ ಭಾಷೆ ಅನ್ನಿಸುತ್ತೆ. ಒಂದು ಹತ್ತು ನಿಮಿಷ ನಿಂತು ನೋಡಿದರೆ ಅಲ್ಲೊಂದು 'ಗ', ಇಲ್ಲೊಂದು 'ರ' ಮುಖ ತೋರಿಸುತ್ತೆ. ಅದು ಕಲಿಯೋಕೆ ಆಗದ ವಿದ್ಯೆ ಅಲ್ಲ. ಸೆಮಿಸ್ಟರ್‌ಗೆ ಒಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯೋ ನಮಗೆ ಐವತ್ತು ಚಿಲ್ಲರೆ ಅಕ್ಷರದ ಹಳೆಯ ರೂಪ ಕಲಿಯೋದು ಭಾರ ಆಗಬಾರದು.

ಜೀರ್ಣೋದ್ಧಾರದ ಎಸ್ಟಿಮೇಟು ಬರೆಯೋದು ನಾವೇ

ಇದನ್ನೆಲ್ಲ ಈಗ ಯಾಕೆ ತಿಳಿಯಬೇಕು? ಅಮೃತಾಪುರದ ಗುಡಿಯನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುತ್ತೆ. 2023ರಲ್ಲಿ ಯುನೆಸ್ಕೋ ಹೊಯ್ಸಳ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು, ಅಮೃತಾಪುರ ಸೇರಲಿಲ್ಲ. ಆದರೂ ಅದಕ್ಕೆ ಕಾಯೋರಿದ್ದಾರೆ. ನಮ್ಮ ಚಿಂತೆ ಅದಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ಹಳೆಯ ಕಲ್ಲುಗುಡಿಗಳಿವೆ. ಊರವರು ಭಕ್ತಿಯಿಂದ ಚಂದಾ ಎತ್ತಿ ಅವನ್ನು ರಿಪೇರಿ ಮಾಡಿಸ್ತಾರೆ. ಮಳೆಗೆ ಸೋರುತ್ತೆ ಅಂತ ಛಾವಣಿಯ ಮೇಲೆ ಕಾಂಕ್ರೀಟ್ ಹಾಕಿಸ್ತಾರೆ. ಆ ಕೆಲಸಕ್ಕೆ ಎಸ್ಟಿಮೇಟ್ ಬರೆಯೋದು ಒಬ್ಬ ಎಂಜಿನಿಯರ್. ಇನ್ನು ಮೂರು ನಾಲ್ಕು ವರ್ಷಕ್ಕೆ ಅದು ನಮ್ಮಲ್ಲೇ ಒಬ್ಬರು.

ಲೆಕ್ಕ ಹಾಕಿ. 15 ಸೆಂ.ಮೀ. ದಪ್ಪದ ಆರ್‌ಸಿಸಿ ಒಂದು ಚದರ ಮೀಟರ್‌ಗೆ ಸುಮಾರು 375 ಕೆ.ಜಿ. ನಮ್ಮ 2.5 ಮೀಟರ್ ಅಂಕಣದ ಮೇಲೆ ಸುಮಾರು 2,300 ಕೆ.ಜಿ. ಹೊಸ ಭಾರ. ಆ ಭಾರ ಎಲ್ಲಿ ಕೂರುತ್ತೆ ಅನ್ನೋದು ಮುಖ್ಯ. ಚಾಚುಗಲ್ಲಿನ ಬಾಲದ ಮೇಲೆ ಬಿದ್ದರೆ ಅದು ಕಾಯುತ್ತೆ, ಮೂತಿಯ ಮೇಲೆ ಬಿದ್ದರೆ ಕೆಡವುತ್ತೆ. ಕಾಂಕ್ರೀಟ್ ಸಮನಾಗಿ ಹರಡುತ್ತೆ, ನಡುಭಾಗಕ್ಕೂ ಭಾರ ಬರುತ್ತೆ. ಇದರ ಉಲ್ಟಾ ಕೂಡ ಅಷ್ಟೇ ಅಪಾಯ. "ಮೇಲೆ ಸುಮ್ಮನೆ ಬಿದ್ದಿರೋ ಕಲ್ಲು, ಗಿಡ ಬೆಳೆದಿದೆ, ತೆಗೆದು ಹಾಕಿ ಹಗುರ ಮಾಡೋಣ" ಅಂತ ಅಂಚಿನ ಕಲ್ಲುಗಳನ್ನು ಇಳಿಸಿದರೆ, ಇಳಿಸಿದ್ದು ಯಾವುದೋ ಚಾಚುಗಲ್ಲನ್ನು ಹಿಡಿದಿದ್ದ ಆ 50 ಕೆ.ಜಿ.ಯೇ ಆಗಿರಬಹುದು. ಹಗುರ ಮಾಡಿದ ಮೇಲೆ ಛಾವಣಿ ಬೀಳೋದು ನಮಗೆ ವಿಚಿತ್ರ ಅನ್ನಿಸಬಹುದು, ಮೊಮೆಂಟ್ ಲೆಕ್ಕಕ್ಕೆ ಅದು ವಿಚಿತ್ರ ಅಲ್ಲ. ಸಿಮೆಂಟಿನ ಇನ್ನೊಂದು ತೊಂದರೆ ಏನಂದರೆ ಅದು ಹಳೆಯ ಸುಣ್ಣದ ಗಾರೆಯ ಹಾಗೆ ಉಸಿರಾಡಲ್ಲ, ಒಳಗೆ ಸೇರಿದ ತೇವವನ್ನು ಹೊರಗೆ ಬಿಡಲ್ಲ.

ಆದ್ದರಿಂದ ಯಾವ ಕಲ್ಲನ್ನೂ ತೆಗೆಯೋ ಮುಂಚೆ, ಯಾವುದನ್ನೂ ಹೇರೋ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಇದರ ಭಾರ ಏನನ್ನು ಹಿಡಿದಿದೆ? ಶಾಸನದ ಕಲ್ಲಿಗೂ ಇದೇ ಮಾತು. ಹೊಸ ಟೈಲ್ಸ್ ಹಾಕುವಾಗ ಅಡ್ಡ ಬಂತು ಅಂತ ಮೂಲೆಗೆ ಸರಿಸಿ ಬಣ್ಣ ಬಳಿದ ಕಲ್ಲಿನಲ್ಲಿ ಆ ಊರಿನ ಹೆಸರು, ಕೆರೆಯ ದಾನ, ಗುಡಿ ಕಟ್ಟಿದ ವರ್ಷ ಇರಬಹುದು.

ಹೋದಾಗ ಏನು ಮಾಡಬೇಕು?

1. ಮಂಟಪಕ್ಕೆ ಕಾಲಿಟ್ಟ ಕೂಡಲೇ ಮೊಬೈಲ್ ತೆಗೆಯಬೇಡಿ, ಮೊದಲು ಅಂಕಣ ಎಣಿಸಿ. 29 ಮತ್ತು 9 ಲೆಕ್ಕ ಬರಬೇಕು.

2. ಒಂದು ಅಂಕಣದ ಕೆಳಗೆ ನಿಂತು ಮೇಲೆ ನೋಡಿ. ತೊಲೆಯಿಂದ ನೆತ್ತಿಯವರೆಗೆ ಎಷ್ಟು ಸುತ್ತು ಕಲ್ಲಿದೆ ಎಣಿಸಿ. ನೋಟ್‌ಬುಕ್ಕಲ್ಲಿ ಅದರ ಪ್ಲಾನ್ ಮತ್ತು ಸೆಕ್ಷನ್ ಎರಡನ್ನೂ ಬರೆಯಿರಿ. ಅಳತೆ ಬೇಡ, ಪ್ರಮಾಣ ಸಾಕು.

3. ದಕ್ಷಿಣದ ಮೋಟುಗೋಡೆಯ ಪಶ್ಚಿಮದ ತುದಿಯಿಂದ ರಾಮಾಯಣ ಓದುತ್ತಾ ಬನ್ನಿ. ಆಮೇಲೆ ಉತ್ತರಕ್ಕೆ ಹೋಗಿ ಅದೇ ರೀತಿ ಪಶ್ಚಿಮದಿಂದ ಶುರು ಮಾಡಿ.

4. ಜನ್ನನ ಶಾಸನದಲ್ಲಿ ಗುರುತು ಸಿಗೋ ಅಕ್ಷರಗಳನ್ನು ಪಟ್ಟಿ ಮಾಡಿ. ಕಲ್ಲಿನ ಮೇಲೆ ಸೀಮೆಸುಣ್ಣ, ಪೌಡರ್ ಏನೂ ಹಚ್ಚಬೇಡಿ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರ ತಾನಾಗಿ ಎದ್ದು ಕಾಣುತ್ತೆ.

5. ವಾಪಸ್ ಬಂದ ಮೇಲೆ ನಿಮ್ಮ ಸ್ವಂತ ಊರಿನ ಹಳೆಯ ಗುಡಿಗೆ ಹೋಗಿ ಇದೇ ಕೆಲಸ ಮಾಡಿ. ಎಷ್ಟು ಅಂಕಣ, ಛಾವಣಿ ಯಾವ ಬಗೆ, ಶಾಸನ ಇದೆಯಾ, ಎಲ್ಲಿದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕನ್ನಡ ಸಂಘಕ್ಕೆ ಕೊಡಿ. ಹತ್ತು ಜನ ಹತ್ತು ಊರು ಮಾಡಿದರೆ, ಆ ಹತ್ತು ಗುಡಿಗಳಲ್ಲಿ ನಾಳೆ ರಿಪೇರಿ ಶುರುವಾದಾಗ ಯಾವ ಕಲ್ಲು ಎಲ್ಲಿತ್ತು ಅಂತ ಹೇಳೋಕೆ ಒಂದು ಕಾಗದವಾದರೂ ಇರುತ್ತೆ.